ಧ್ವನಿ ಸಿಗದ ಹನ್ನೊಂದು ಸೆಕೆಂಡು

ನನ್ನ ಬಳಿ ಎಡಿಟಿಂಗ್ ಕಲಿಯಲು ಬಂದವರಿಗೆ ಮೊದಲ ದಿನ ಹೇಳುವುದು ಒಂದೇ ಮಾತು: ಏನನ್ನೂ ಅಳಿಸಬೇಡಿ. ಅಲುಗಾಡಿದ್ದು, ಕತ್ತಲಾದದ್ದು, ಕ್ಯಾಮೆರಾದವನ ಹೆಬ್ಬೆರಳು ಅಡ್ಡ ಬಂದದ್ದು, ಎಲ್ಲವನ್ನೂ ಒಂದು ಫೋಲ್ಡರಿಗೆ ತಳ್ಳಿ ಸುಮ್ಮನಿರಿ. ನನ್ನ ಆ ಫೋಲ್ಡರಿಗೆ ‘ಕಸ’ ಎಂದು ಹೆಸರಿಟ್ಟಿದ್ದೇನೆ. ಈಚೆಗೆ ಇನ್ನೊಂದು ಮಾತನ್ನೂ ಸೇರಿಸಿಕೊಂಡಿದ್ದೇನೆ: ಕಿವಿಯನ್ನು ಪೂರ್ತಿ ನಂಬಬೇಡಿ. ಇದನ್ನು ನನಗೆ ಕಲಿಸಿದವರು ನನ್ನ ಮಾವನವರು. ಅವರಿಗೆ ಕಿವಿ ಕೇಳಿಸುವುದು ಅಷ್ಟಕ್ಕಷ್ಟೆ.

ನಾನು ಹುಬ್ಬಳ್ಳಿ ಕಡೆಯವನು. ಮನೆ ಇರುವುದು ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ. ಮಹಡಿಯ ಕೋಣೆಯಲ್ಲಿ ಕೂತು ಔಷಧ ಕಂಪನಿಗಳ ತರಬೇತಿ ವಿಡಿಯೊ, ಆಸ್ಪತ್ರೆಗಳ ಜಾಹೀರಾತು, ನಡುನಡುವೆ ಮದುವೆಗಳನ್ನು ಎಡಿಟ್ ಮಾಡುತ್ತೇನೆ. ಹೆಂಡತಿಯ ತಾಯಿ ಬಳ್ಳಾರಿಯವರು, ತಂದೆ ತೆಲುಗಿನವರು. ಮಾವ ವಿಜಯವಾಡದ ಪಕ್ಕದ ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ಟರ್ಬೈನುಗಳ ನಡುವೆಯೇ ಸರ್ವಿಸ್ ಮುಗಿಸಿ, ಅಲ್ಲೇ ಹತ್ತಿರದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಆ ಯಂತ್ರಗಳ ಮೊರೆತದಲ್ಲಿ ಕೂಗಿದರೂ ಕೇಳಿಸುತ್ತಿರಲಿಲ್ಲವಂತೆ. ಹಾಗಾಗಿ ಅಲ್ಲಿದ್ದವರೆಲ್ಲ ಬರೀ ತುಟಿ ಆಡಿಸಿ ಮಾತಾಡುವುದನ್ನು ಕಲಿತಿದ್ದರು. ಕೆಲಸ ಮುಗಿದರೂ ಮಾವನವರಿಗೆ ಆ ಅಭ್ಯಾಸ ಹೋಗಲಿಲ್ಲ. ಊಟದ ಪಂಕ್ತಿಯ ಆ ತುದಿಯಿಂದ ತುಟಿಯಲ್ಲೇ ಉಪ್ಪು ಕೇಳುತ್ತಿದ್ದರು. ನಾನು ಪ್ರತಿ ಸಲವೂ ‘ಏನಂದ್ರಿ?’ ಎನ್ನುತ್ತಿದ್ದೆ, ಅವರು ನಕ್ಕು ಕೈಬಿಡುತ್ತಿದ್ದರು. ಅವರ ಆ ಭಾಷೆಯನ್ನು ಪೂರ್ತಿ ಕಲಿತವಳು ನನ್ನ ಹೆಂಡತಿಯ ಅಕ್ಕನ ಮಗಳು ಮಾತ್ರ. ಚಿಕ್ಕಂದಿನಿಂದ ತಾತನ ಮನೆಯಲ್ಲಿ ಬೆಳೆದ ಹುಡುಗಿ. ಮನೆ ತುಂಬ ಜನ ಕೂತು ಹರಟುತ್ತಿದ್ದರೆ, ಇವರಿಬ್ಬರು ಎದುರುಬದುರು ಮೂಲೆಗಳಲ್ಲಿ ಕೂತು ಸದ್ದಿಲ್ಲದೆ ಎಲ್ಲರ ಚಾಡಿ ಹೇಳಿಕೊಳ್ಳುತ್ತಿದ್ದರು.

ಆ ಹುಡುಗಿಯ ಮದುವೆ ವಿಶಾಖಪಟ್ಟಣದಲ್ಲಿ ಗೊತ್ತಾಯಿತು. ಮದುವೆಗೆ ಮೂರು ವಾರವಿರುವಾಗ ಮಾವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಆಪರೇಷನ್ ಚೆನ್ನಾಗಿ ಆಯಿತು, ಪ್ರಯಾಣ ಮಾತ್ರ ಬೇಡವೆಂದರು ಡಾಕ್ಟರು. ಮದುವೆ ಮುಂದೂಡಲು ಹೊರಟವರನ್ನು ಮಾವನೇ ಗದರಿಸಿದರು. ಅತ್ತೆಯವರನ್ನೂ ಹಟ ಹಿಡಿದು ಮದುವೆಗೆ ಕಳಿಸಿ, ತಾವು ತಮ್ಮನ ಮಗನ ಜೊತೆ ಮನೆಯಲ್ಲಿ ಉಳಿದರು. ಮುಂದಿನ ಭಾನುವಾರ ಹೊಸ ಜೋಡಿ ಇಬ್ರಾಹಿಂಪಟ್ನಂಗೆ ಹೋಗಿ ಆಶೀರ್ವಾದ ಪಡೆಯುವುದು, ನಾನು ಮಾಡಿದ ಮದುವೆಯ ಸಿನಿಮಾವನ್ನು ತಾತನ ಜೊತೆ ಎಲ್ಲರೂ ಕೂತು ನೋಡುವುದು ಎಂದು ತೀರ್ಮಾನವಾಯಿತು.

ಮದುವೆಯ ಮರುದಿನ ನನ್ನ ಹೆಂಡತಿ ಕೋಣೆಗೆ ಬಂದು ಹೇಳಿದಳು. “ಏಮಂಡಿ, ಮಂಟಪದಾಗ ಕೂತಾಗ ಹುಡುಗಿ ತಾತಯ್ಯಗೆ ಅಂತ ಏನೋ ಹೇಳ್ಯಾಳಂತೆ. ಅವಳ ಗೆಳತಿ ಫೋನಿನಾಗ ತೆಗೆದಾಳಂತೆ. ಅಪ್ಪ ಆಗಲೇ ಎರಡು ಸಲ ಕೇಳಿದ್ರು. ಉಳಿದದ್ದು ಏನು ಬಿಟ್ರೂ ಅದೊಂದು ಬಿಡಬ್ಯಾಡ್ರಿ.”

“ನನಗ ಹೇಳಿಕೊಡಾಕ ಬರಬ್ಯಾಡ, ನೋಡ್ತೇನಿ ಹೋಗು,” ಎಂದೆ. ಕೆಲಸದ ವಿಷಯದಲ್ಲಿ ನನಗೆ ಸ್ವಲ್ಪ ಸೊಕ್ಕು ಜಾಸ್ತಿ.

ಗೆಳತಿಯ ಫೋನಿನಿಂದ ನಕಲು ಮಾಡಿಕೊಂಡಿದ್ದ ಕಡತಗಳಲ್ಲಿ ಆ ತುಣುಕು ಸುಲಭವಾಗಿಯೇ ಸಿಕ್ಕಿತು. ಹನ್ನೊಂದು ಸೆಕೆಂಡು. ವಧೂವರರು ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ-ಬೆಲ್ಲ ಇಡುವ ಹೊತ್ತು, ನಾದಸ್ವರ ಡೋಲುಗಳ ಗಟ್ಟಿಮೇಳ ಕಿವಿ ಕಿತ್ತುಹೋಗುವಂತೆ ಬಡಿಯುತ್ತಿದೆ. ಅದರ ನಡುವೆ ಹುಡುಗಿ ಫೋನಿನತ್ತ ತಿರುಗಿ, ನಗುತ್ತ ಏನೋ ಹೇಳುತ್ತಾಳೆ. ತುಟಿ ಆಡುತ್ತಿದೆ, ಧ್ವನಿ ಕೇಳುತ್ತಿಲ್ಲ. ವಾದ್ಯದಲ್ಲಿ ಮುಚ್ಚಿಹೋಗಿದೆ ಎಂದುಕೊಂಡೆ. ಇಂಥ ರೋಗಕ್ಕೆ ನನ್ನ ಬಳಿ ಬೇಕಾದಷ್ಟು ಮದ್ದುಗಳಿವೆ. ಡೋಲಿನ ಗುಡುಗನ್ನು ಕೆಳಗಿನಿಂದ ಕತ್ತರಿಸಿದೆ, ನಾದಸ್ವರವನ್ನು ಮೇಲಿನಿಂದ ಸವರಿದೆ. ಮಾತನ್ನೂ ವಾದ್ಯವನ್ನೂ ಬೇರೆ ಮಾಡುವ ಹೊಸ ತಂತ್ರಾಂಶದಲ್ಲಿ ಮೂರು ಸಲ ಹಾಯಿಸಿದೆ. ಪಕ್ಕದಲ್ಲಿದ್ದ ಯಾರದೋ ಕೆಮ್ಮು ಸ್ಪಷ್ಟವಾಗಿ ಬಂತು. ಪುರೋಹಿತರು ಯಾರನ್ನೋ ‘ಸರಿಯಾಗಿ ಕೂತ್ಕೋ’ ಎಂದು ಬೈದದ್ದೂ ಬಂತು. ಹುಡುಗಿಯ ಒಂದು ಅಕ್ಷರವೂ ಬರಲಿಲ್ಲ. ಉಳಿದ ಕ್ಯಾಮೆರಾಗಳ ಧ್ವನಿಯನ್ನು ಗಟ್ಟಿಮೇಳದ ಮೊದಲ ಪೆಟ್ಟಿಗೆ ಹೊಂದಿಸಿ, ಒಂದೊಂದನ್ನೂ ಕೇಳಿದೆ. ಇಲ್ಲ.

ಎರಡು ದಿನ ಹೀಗೇ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಫೋನಿನ ಮೈಕನ್ನು ಬೈದೆ, ಗೆಳತಿಯನ್ನು ಬೈದೆ, ಡೋಲಿನವರನ್ನು ಬೈದೆ. ಹುಡುಗಿಗೇ ಫೋನ್ ಮಾಡಿ ಏನು ಹೇಳಿದೆ ಎಂದು ಕೇಳಿದ್ದರೆ ಎರಡು ನಿಮಿಷದ ಕೆಲಸ. ಆದರೆ ಇಷ್ಟು ವರ್ಷ ಎಡಿಟಿಂಗ್ ಮಾಡಿ ಒಂದು ಮಾತನ್ನು ಹೊರತೆಗೆಯಲಾಗಲಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ? ಕೊನೆಗೆ ಆ ತುಣುಕನ್ನು ‘ಕಸ’ಕ್ಕೆ ತಳ್ಳಿ, ಅದರ ಜಾಗದಲ್ಲಿ ಮಲ್ಲಿಗೆ ಮಾಲೆಯೊಂದು ನಿಧಾನಕ್ಕೆ ತೂಗಾಡುವ ದೃಶ್ಯ ಹಾಕಿದೆ. ನೋಡಲು ತುಂಬ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಇಬ್ರಾಹಿಂಪಟ್ನಂನ ಮನೆ ತುಂಬಿತ್ತು. ಅತ್ತೆಯವರು ಹೋಳಿಗೆ, ಪುಳಿಹೋರ ಮಾಡಿದ್ದರು. ಕಿಟಕಿಯ ಹೊರಗೆ ಸ್ಥಾವರದ ಚಿಮಣಿಗಳು. ಮಾವ ಬೆನ್ನಿಗೆ ದಿಂಬಿಟ್ಟುಕೊಂಡು ಟಿವಿಯ ತೀರಾ ಮುಂದೆ ಕೂತು, ಕನ್ನಡಕವನ್ನು ಪಂಚೆಯ ತುದಿಯಲ್ಲಿ ಮೂರು ಸಲ ಒರೆಸಿಕೊಂಡರು. ಸಿನಿಮಾ ನಲವತ್ತು ನಿಮಿಷ. ಎಲ್ಲರೂ ನಕ್ಕರು, ತಮ್ಮ ಮುಖ ಬಂದಾಗ ಕೂಗಿದರು, ಹುಡುಗಿಯ ಅಪ್ಪ ಎರಡನೇ ಸಲ ಊಟಕ್ಕೆ ಕೂತದ್ದು ಸಿಕ್ಕಿಬಿದ್ದಾಗ ನಗುವಿಗೆ ಮನೆಯೇ ಹಾರಿಹೋಗುವಂತಾಯಿತು. ಮಾವ ಮಾತ್ರ ಹುಡುಗಿ ತೆರೆಯ ಮೇಲೆ ಬಂದಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದರು. ಮಲ್ಲಿಗೆ ಮಾಲೆ ತೂಗಾಡಿತು, ಹೋಯಿತು. ಸಿನಿಮಾ ಮುಗಿಯಿತು. ಅವರು ಚಪ್ಪಾಳೆ ತಟ್ಟಿ, “ಚಾಲಾ ಬಾಗುಂದಿ, ಅಲ್ಲುಡುಗಾರೂ,” ಎಂದರು, ತುಂಬ ಚೆನ್ನಾಗಿದೆ ಅಳಿಯಂದಿರೇ ಎಂದು. ಆಮೇಲೂ ಖಾಲಿ ಟಿವಿಯನ್ನೇ ನೋಡುತ್ತಿದ್ದರು. ನನಗೆ ನಿಜವಾಗಿ ಅಳು ಬಂತು.

ಹುಡುಗಿ ಎದ್ದು ಚಿಕ್ಕಪ್ಪನಾದ ನನ್ನ ಬಳಿಗೆ ಬಂದಳು. “ಬಾಬಾಯ್, ನಾನು ತಾತಯ್ಯಗೆ ಹೇಳಿದ್ದು ಎಲ್ಲಿ?”

“ಅದರಾಗ ನಿನ್ನ ಧ್ವನಿನ ಬಂದಿಲ್ಲವ್ವಾ,” ಎಂದೆ. “ಬರೇ ಡೋಲು. ಎರಡು ದಿನ ಹುಡುಕೇನಿ, ಒಂದಕ್ಷರ ಸಿಗಲಿಲ್ಲ.”

ಅವಳು ನನ್ನನ್ನೇ ನೋಡಿ ಹಣೆ ಬಡಿದುಕೊಂಡಳು. “ಅಯ್ಯೋ ಬಾಬಾಯ್! ನಾನು ತಾತಯ್ಯ ಜೊತೆ ಎಂದಾದ್ರೂ ಧ್ವನಿ ತೆಗೆದು ಮಾತಾಡಿದ್ದು ನೋಡಿದೀರಾ?”

ಮನೆಯೆಲ್ಲ ಹೋ ಎಂದು ನಕ್ಕಿತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನು ನಾನು. ಹದಿನೈದು ವರ್ಷ ಈ ಮನೆಗೆ ಬಂದುಹೋಗುತ್ತ ಅವರಿಬ್ಬರನ್ನೂ ನೋಡಿದ್ದೆ. ಎಡಿಟಿಂಗ್ ಮೇಜಿಗೆ ಕೂತ ಕೂಡಲೇ ಕಣ್ಣಿಗೆ ರಜೆ ಕೊಟ್ಟುಬಿಟ್ಟಿದ್ದೆ.

ತಕ್ಷಣ ಲ್ಯಾಪ್‌ಟಾಪ್ ತೆಗೆದೆ. ಪ್ರಾಜೆಕ್ಟ್ ತೆರೆದರೆ, ಕಡತಗಳು ಸಿಗುತ್ತಿಲ್ಲವೆಂದು ತೆರೆಯೆಲ್ಲ ಕೆಂಪು. ಮೂಲ ಕಡತಗಳಿದ್ದ ಹಾರ್ಡ್ ಡಿಸ್ಕ್ ಪೆಂಡುರ್ತಿಯ ಮನೆಯಲ್ಲಿ ಫ್ರಿಜ್ಜಿನ ಮೇಲೆ ಕೂತಿತ್ತು. ಗೆಳತಿಗೆ ಫೋನ್ ಮಾಡಿದರೆ, ಜಾಗ ಸಾಲದೆ ಅಳಿಸಿಬಿಟ್ಟೆ ಎಂದಳು. ಮಾವ ಕತ್ತು ಚಾಚಿ ನನ್ನ ಮುಖ ನೋಡುತ್ತಿದ್ದರು. ಆಗ ಪ್ರಾಕ್ಸಿಗಳ ನೆನಪಾಯಿತು. ಕೆಲಸ ಹಗುರಾಗಲೆಂದು ಲ್ಯಾಪ್‌ಟಾಪಿನಲ್ಲೇ ಮಾಡಿಟ್ಟುಕೊಳ್ಳುವ ಚಿಕ್ಕ ನಕಲುಗಳು ಅವು. ಒಳ್ಳೆಯದು, ಕೆಟ್ಟದ್ದು ಎಂದು ಆರಿಸುವ ಮೊದಲೇ ಎಲ್ಲ ತುಣುಕಿಗೂ ಮಾಡಿಬಿಡುವುದು ನನ್ನ ರೂಢಿ. ‘ಕಸ’ ತೆರೆದೆ. ಹೆಬ್ಬೆರಳುಗಳ, ಕತ್ತಲೆಗಳ ನಡುವೆ ಅದು ಇತ್ತು!

ಟಿವಿಗೆ ಹಾಕಿದೆ. ಚಿತ್ರ ಮಸುಕು ಮಸುಕು. ಡೋಲು ಮನೆಯನ್ನೇ ನಡುಗಿಸಿತು. ಹುಡುಗಿ ಫೋನಿನತ್ತ ತಿರುಗಿ ತುಟಿ ಆಡಿಸಿದಳು. ಮಾವ ಗೊಳ್ಳೆಂದು ನಕ್ಕರು. ಮತ್ತೆ ಹಾಕು ಎಂದು ಕೈ ಮಾಡಿದರು. ಎರಡನೇ ಸಲ ಅವಳ ತುಟಿಯ ಜೊತೆಜೊತೆಗೇ, ಅತ್ತೆಯವರಿಂದ ಕಲಿತ ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದರು:

“ತಾತಯ್ಯಾ, ಇಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸ್ತಾ ಇಲ್ಲ. ನೀನು ಬಂದಿದ್ರೆ ನಾವಿಬ್ರೇ ಮಾತಾಡ್ಕೊಂಡು ಕೂತಿರ್ತಿದ್ವಿ.”

ಅತ್ತೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಅಡುಗೆಮನೆಗೆ ನಡೆದರು. ಹುಡುಗಿ ತಾತನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ಮಾವ ಅದನ್ನು ಇನ್ನೂ ನಾಲ್ಕು ಸಲ ಹಾಕಿಸಿಕೊಂಡು ನನ್ನ ಕಡೆ ತಿರುಗಿದರು. “ಅಲ್ಲುಡುಗಾರೂ, ನಿಮ್ಮ ಸಿನಿಮಾ ಪೂರ್ತಿಯಲ್ಲಿ ನನಗೆ ಸರಿಯಾಗಿ ಕೇಳಿಸಿದ್ದು ಇದೊಂದೇ.” ಮದುವೆಗೆ ಹೋಗಿದ್ದವರಿಗಿಂತ ಹೆಚ್ಚು ಖುಷಿ ಅವರ ಮುಖದಲ್ಲಿತ್ತು. ನನಗೂ ಅಷ್ಟೇ ಖುಷಿಯಾಯಿತು, ಹೇಳಲು ನಾಚಿಕೆಯೇನಿಲ್ಲ.

ಅಲ್ಲೇ ಗೋಡೆಗೊರಗಿ ಕೂತು, ಎಲ್ಲರಿಗೂ ತೋರಿಸಿದ ಪ್ರತಿಯಿಂದಲೇ ಮಲ್ಲಿಗೆ ಮಾಲೆಯನ್ನು ಕಿತ್ತು ‘ಕಸ’ಕ್ಕೆ ಹಾಕಿದೆ. ಆ ಜಾಗಕ್ಕೆ ಹನ್ನೊಂದು ಸೆಕೆಂಡನ್ನು ತಂದಿಟ್ಟು, ಡೋಲಿನ ಸದ್ದನ್ನು ಒಂದಿಷ್ಟೂ ತಗ್ಗಿಸದೆ ಬಿಟ್ಟೆ. ಹೊಸ ಪ್ರತಿ ತಯಾರಾಗುವಷ್ಟರಲ್ಲಿ ಮೇಜಿನ ಮೇಲೆ ಎಲೆ ಹಾಕಿದ್ದರು, ಮನೆ ತುಂಬ ಗದ್ದಲ. ತಲೆಯೆತ್ತಿದರೆ ಆ ತುದಿಯಿಂದ ಮಾವ ನನ್ನನ್ನೇ ನೋಡುತ್ತಿದ್ದರು. ಸದ್ದಿಲ್ಲದೆ ಅವರ ತುಟಿ ಆಡಿತು: ಏಳಿ, ಊಟಕ್ಕೆ ಬನ್ನಿ.

ಏನಂದ್ರಿ ಎಂದು ನಾನು ಕೇಳಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ ಎದ್ದು, ಅವರ ಪಕ್ಕದ ಎಲೆಗೆ ಹೋಗಿ ಕೂತೆ.