ಕಂಬಗಳನ್ನು ಮಾತಾಡಿಸುತ್ತಿದ್ದ ಗೋವಿಂದಯ್ಯ

ಗೋವಿಂದಯ್ಯನವರು ಯಾವ ಕಟ್ಟಡಕ್ಕೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಅಲ್ಲಿನ ಜನರನ್ನಲ್ಲ, ಕಂಬವನ್ನು. ಬಲಗೈಯ ತೋರುಬೆರಳು ಮಡಚಿ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿ ಹತ್ತಿರ ತಂದು ಕಣ್ಣು ಮುಚ್ಚುವರು. "ಕೂತ್ಕೊಳ್ಳಿ ಸಾರ್" ಎಂದು ಕುರ್ಚಿ ಎಳೆದವರು ಆ ಕುರ್ಚಿ ಹಿಡಿದುಕೊಂಡೇ ಕಾಯಬೇಕು. ಮದುವೆ, ತಿಥಿ, ಬ್ಯಾಂಕು, ಟಾಕೀಸು, ಎಲ್ಲೂ ಇದಕ್ಕೆ ವಿನಾಯಿತಿ ಇರಲಿಲ್ಲ. ಒಮ್ಮೆ ಅರಸೀಕೆರೆಯ ಹೋಟೆಲೊಂದರಲ್ಲಿ ಇಡ್ಲಿ ಹೇಳಿ ಕೂತಿದ್ದವರು ಎದ್ದುಹೋಗಿ ಮೂಲೆಯ ಕಂಬ ಬಡಿದು ಬಂದು, ಜೊತೆಗಿದ್ದ ನನಗೆ "ಇಡ್ಲಿ ಪಾರ್ಸೆಲ್ ಕಟ್ಟಿಸಿಬಿಡಿ ಮೇಡಂ" ಅಂದಿದ್ದರು. ನಾವು ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ತಿಂದೆವು.

ಅವರು ಕಣಕಟ್ಟೆ ಕಡೆಯ ಒಂದು ಹಳ್ಳಿಯ ಕೇರಿಯಿಂದ ಓದಿ ಮೇಲೆ ಬಂದ ಇಂಜಿನಿಯರು. ಹೊಸ ಕಟ್ಟಡ ಕಟ್ಟುವುದು ಅವರ ಕೆಲಸವಲ್ಲ. ಇದ್ದದ್ದು ಬೀಳದಂತೆ ನೋಡಿಕೊಳ್ಳುವುದು. ಮಂಗಳೂರಿನ ಕಡೆ ಕಡಲೊಳಗೆ ನಿಂತ, ಹಡಗು ಕಟ್ಟುವ ಜೆಟ್ಟಿಗಳ ಕಾಲುಗಳನ್ನು ರಿಪೇರಿ ಮಾಡುತ್ತಾ ಅರ್ಧ ಆಯಸ್ಸು ಕಳೆದು, ತೊಂಬತ್ತರ ದಶಕದ ನಡುವೆ ಅರಸೀಕೆರೆಗೆ ಬಂದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ರೂಮು ಹಿಡಿದರು. ಗೋಡೆಯ ಮೇಲೆ ಬುದ್ಧನ ಪಟ. ಮೇಜಿನ ಮೇಲೆ ಕಡಲ ಉಪ್ಪು ತಿಂದು ಕಡ್ಡಿಯಷ್ಟು ಸಣ್ಣಗಾದ ಒಂದು ಕಬ್ಬಿಣದ ಸರಳು. ಬಂದವರಿಗೆಲ್ಲ ಅದನ್ನು ಕೈಗೆ ಕೊಡುತ್ತಿದ್ದರು. "ಉಪ್ಪು ಸದ್ದು ಮಾಡ್ಕೊಂಡು ತಿನ್ನಲ್ಲ. ಹೊರಗೆ ಸಿಮೆಂಟು ಚೆನ್ನಾಗೇ ಕಾಣ್ತಿರುತ್ತೆ. ಮೇಲೆ ಸೀಳು ಕಾಣೋ ಹೊತ್ತಿಗೆ ಒಳಗೆ ಊಟ ಮುಗಿದಿರುತ್ತೆ" ಅನ್ನುವರು.

ನಾನು ಆಗ ಅರಸೀಕೆರೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ನಮ್ಮ ಮಹಡಿಯ ಲೈಬ್ರರಿಯ ಅಡಿಯ ಸೂರಿನಿಂದ ಗಾರೆ ಉದುರುತ್ತಿದೆ ಎಂದು ಅವರನ್ನು ಕರೆಸಿದ್ದರು. ಬಂದವರೇ ಪ್ರಿನ್ಸಿಪಾಲರ ಮುಖವನ್ನೂ ನೋಡದೆ ಕಂಬ ಬಡಿದರು, ತೊಲೆಗಳನ್ನು ನೋಡಿದರು. "ಸದ್ಯಕ್ಕೆ ಪುಸ್ತಕಗಳನ್ನ ಕೆಳಗಿನ ರೂಮಿಗೆ ಸಾಗಿಸಿ" ಅಂದರು. ಪ್ರಿನ್ಸಿಪಾಲರು ನಕ್ಕು, "ಅಲ್ರೀ, ಓದೋರೇ ಇಲ್ಲ ಇಲ್ಲಿ. ಪುಸ್ತಕ ಏನು ಭಾರ?" ಎಂದು ಕೇಳಿದರು. "ಓದದೇ ಇಟ್ಟಿರೋ ಪುಸ್ತಕಕ್ಕೇ ಭಾರ ಜಾಸ್ತಿ ಸಾರ್. ಓದಿದ್ರೆ ಮಕ್ಕಳು ಒಂದಷ್ಟು ಮನೆಗೆ ತಗೊಂಡು ಹೋಗಿರೋರು" ಅಂದರು ಗೋವಿಂದಯ್ಯ. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಪರಿಚಯ ಆದದ್ದು ಹಾಗೆ.

ಸಿಡುಕಿನ ಮನುಷ್ಯ. ತನ್ನ ಮಾತು ಕೇಳದವರನ್ನು "ಹೋಗ್ರೀ, ದಾಳಿಂಬೆ ಹೂವು ನೋಡ್ಕೊಂಡು ಕೂತಿರಿ" ಎಂದು ಬೈಯುತ್ತಿದ್ದರು. ಅದರ ಅರ್ಥ ಕೊನೆಗೂ ನನಗೆ ಗೊತ್ತಾಗಲಿಲ್ಲ. ತಪ್ಪೂ ಮಾಡುತ್ತಿದ್ದರು. ಬೇಲೂರಿನಲ್ಲಿ ಬಿಕ್ಕೋಡು ರಸ್ತೆಯ ಕಡೆ ಒಂದು ನೀರಿನ ಟ್ಯಾಂಕು ಇತ್ತು. ಬರುವ ಮಳೆಗಾಲ ದಾಟುವುದಿಲ್ಲ ಎಂದು ಇವರು ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟರು. ಸುತ್ತಲಿನವರು ಮನೆ ಖಾಲಿ ಮಾಡಿ ನೆಂಟರ ಮನೆ ಸೇರಿದರು. ಮಳೆಗಾಲ ಬಂತು, ಹೋಯಿತು. ಟ್ಯಾಂಕು ಅಲ್ಲಾಡಲಿಲ್ಲ. ಅಂದಿನಿಂದ ಬೇಲೂರು, ಹಳೇಬೀಡು, ಅರಸೀಕೆರೆ ಮೂರೂ ಊರಿನಲ್ಲಿ ಅವರು 'ಟ್ಯಾಂಕು ಗೋವಿಂದಯ್ಯ'. ಹಳೇಬೀಡಿನ ಬಸ್ಸಿನಲ್ಲಿ ಕಂಡಕ್ಟರ್ ಒಬ್ಬ, "ಸಾರ್, ಬಸ್ಸಿನ ಟಾಪು ತಡಿಯುತ್ತಾ ನೋಡಿ, ಟಿಕೆಟ್ ಕೊಡ್ತೀನಿ" ಎಂದು ನನ್ನೆದುರೇ ಛೇಡಿಸಿದ್ದ. ಇಳಿದ ಮೇಲೆ ಅವರು ಹೇಳಿದ್ದು ನೆನಪಿದೆ: "ಬೀಳದೇ ಇರ್ಲಿ ಅಂತ ನನಗೂ ಆಸೆ ಇರುತ್ತೆ ಮೇಡಂ. ಬಿದ್ರೆ ನಾನು ಜಾಣ, ನಿಂತ್ರೆ ಹುಚ್ಚ. ಇಂಥಾ ಕಸುಬಲ್ಲಿ ಮನುಷ್ಯ ಏನು ಬೇಡ್ಕೋಬೇಕು ಹೇಳಿ?"

ಆ ಟ್ಯಾಂಕು ನಿಂತದ್ದರಿಂದಲೇ ನಮ್ಮ ಮನೆಯ ಮದುವೆಯಲ್ಲಿ ಅವರ ಮಾತು ಯಾರ ಕಿವಿಗೂ ಬೀಳಲಿಲ್ಲ.

ನನ್ನ ತಂಗಿ ಉಮಾಳನ್ನು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗುರುಬಸಪ್ಪನವರ ಮಗನಿಗೆ ಕೊಟ್ಟೆವು. ಗುರುಬಸಪ್ಪನವರಿಗೆ ತಂದೆಯ ಕಾಲದ ದೊಡ್ಡ ಗೋಡೌನಿತ್ತು. ಒಳಗೆ ಮೂರು ಕಡೆಯ ಗೋಡೆಗೂ ಹೊಂದಿಕೊಂಡು ಮರದ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಅಂಥ ಅಟ್ಟದ ಮೇಲೆ ರಾಶಿ ಹಾಕಿ, ಒಳಗಿನ ನೀರು ಇಂಗಿ ಗಿಟುಕು ಗಡಗಡ ಎನ್ನುವವರೆಗೆ ತಿಂಗಳುಗಟ್ಟಲೆ ಬಿಡುತ್ತಾರೆ. ಅವರು ವ್ಯಾಪಾರವನ್ನು ಬೇರೆ ಕಡೆಗೆ ಸಾಗಿಸಿ ಈ ಗೋಡೌನನ್ನು ಕಲ್ಯಾಣ ಮಂಟಪ ಮಾಡಲು ಹೊರಟರು. ಮೊದಲ ಮದುವೆ ಮಗನದೇ. ಅಟ್ಟವನ್ನು ಕಿತ್ತುಹಾಕದೆ, ಹಲಗೆ ಉಜ್ಜಿಸಿ ಕಟಕಟೆ ಹಾಕಿಸಿ, ಹೆಂಗಸರು ಕೂತು ನೋಡುವ ಬಾಲ್ಕನಿ ಮಾಡಿಸಿದರು. ಮುಹೂರ್ತದ ವೇದಿಕೆಗೆ ಅಡ್ಡ ಬರುತ್ತವೆ ಎಂದು ಅಟ್ಟ ಹೊತ್ತಿದ್ದ ಎದುರಿನ ಎರಡು ಕಂಬಗಳನ್ನು ತೆಗೆಸಿಬಿಟ್ಟರು.

ಗೋವಿಂದಯ್ಯನವರಿಗೆ ಒಂದು ಸಲ ತೋರಿಸಿ ಎಂದು ಹೇಳಿದವಳು ನಾನೇ. ಅವರು ಬಂದು ಬಡಿದರು, ಗೋಡೆಯೊಳಗೆ ಹೂತ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ಅದು ಬೆಣ್ಣೆಗೆ ಇಳಿದ ಹಾಗೆ ಒಳಗೆ ಹೋಯಿತು. "ಕೆಳಗೆ ಕಬ್ಬಿಣದ ತೊಲೆ ಕೊಟ್ಟು ಹೊಸ ಕಂಬ ನಿಲ್ಲಿಸೋವರೆಗೂ ಮೇಲೆ ಬೆಕ್ಕೂ ಹತ್ತಬಾರದು" ಅಂದರು.

ಗುರುಬಸಪ್ಪ ಒಳ್ಳೆಯ ಮಾತಿನ ಮನುಷ್ಯ. ನಗುತ್ತಲೇ ಹೇಳಿದರು: "ಅಲ್ಲ ಕಣ್ರೀ ಇಂಜಿನಿಯರೇ, ನಮ್ಮಪ್ಪನ ಕಾಲದಿಂದ ಈ ಅಟ್ಟ ಕಾಯಿ ಹೊತ್ತೈತೆ. ಲಾರಿಗಟ್ಟಲೆ ಕಾಯಿ! ಒಂದಷ್ಟು ಹೆಣ್ಣುಮಕ್ಕಳು ಕೂತ್ರೆ ಬಿದ್ದೋಗ್ತದಾ?"

"ಕಾಯಿ ಹಾಕಿದ ಕಡೆ ಬಿದ್ದಿರುತ್ತೆ ಯಜಮಾನ್ರೇ. ದಿನದಿಂದ ದಿನಕ್ಕೆ ಒಣಗಿ ಹಗುರ ಆಗುತ್ತೆ. ಯಾವ ಕಾಯಾದ್ರೂ ಗಟ್ಟಿಮೇಳ ಅಂದ ತಕ್ಷಣ ಎದ್ದು ಅಕ್ಷತೆ ಹಾಕೋಕೆ ಮುಂದಕ್ಕೆ ನುಗ್ಗಿದ್ದು ನೋಡಿದೀರಾ?"

ಅಲ್ಲಿದ್ದ ಆಳುಕಾಳುಗಳೆಲ್ಲ ನಕ್ಕರು. ಗುರುಬಸಪ್ಪನವರೂ ನಕ್ಕರು. ಆ ಮಾತಿನೊಳಗಿನ ಲೆಕ್ಕಾಚಾರ ಮಾತ್ರ ಯಾರಿಗೂ ಬೇಕಾಗಿರಲಿಲ್ಲ. ಕಡೆಗೆ ಗೋವಿಂದಯ್ಯ ಹಟ ಮಾಡಿ, ತೆಗೆದ ಕಂಬಗಳ ಜಾಗಕ್ಕೆ ಕಬ್ಬಿಣದ ಜಾಕಿಗಳನ್ನು ಆಸರೆ ಕೊಟ್ಟು ಹೋದರು. ಚಪ್ಪರದ ದಿನ ಹೂವಿನವರು ಬಂದು ಅವಕ್ಕೆ ಏನು ಸುತ್ತಿದರೂ ಚೆಂದ ಕಾಣಲಿಲ್ಲ. "ಮದುವೆ ಮನೆಗೆ ಊರುಗೋಲು ಕೊಡ್ತಾರೇನ್ರೀ? ತೆಗೀರಿ ಅತ್ಲಾಗೆ" ಎಂದು ಗುರುಬಸಪ್ಪನವರು ಜಾಕಿಗಳನ್ನು ಬಿಚ್ಚಿಸಿ ಹಿತ್ತಲಿಗೆ ಹಾಕಿಸಿದರು.

ಮದುವೆಯ ದಿನ ಗೋವಿಂದಯ್ಯ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದರು. ಜಾಕಿ ಇಲ್ಲದ್ದು ನೋಡಿದರು. ಆಮೇಲೆ ಕಂಬ ಬಡಿಯುವ ಗೋಜಿಗೇ ಹೋಗಲಿಲ್ಲ. ನೇರ ಹೋಗಿ ಅಟ್ಟದ ಮೆಟ್ಟಿಲ ಬುಡದಲ್ಲಿ ಎರಡೂ ಕೈ ಚಾಚಿ ನಿಂತುಬಿಟ್ಟರು. "ತಾಯಿ, ಮೇಲೆ ಬೇಡ. ಅಮ್ಮ, ಕೆಳಗೇ ಕೂತ್ಕೊಳ್ಳಿ. ಬೀಳುತ್ತೆ ಅಂತ ಹೇಳ್ತಾ ಇದೀನಲ್ಲ." ರೇಷ್ಮೆ ಸೀರೆಯ ಹೆಂಗಸರು ಗುಂಪುಗಟ್ಟಿದರು. ನಮ್ಮ ಚಿಕ್ಕಮ್ಮ, "ಬಿಡಿ ಸಾರ್, ನಾವೇನು ಆನೆಗಳಾ?" ಎಂದು ಅವರ ತೋಳಿನ ಕೆಳಗೇ ನುಸುಳಿ ಹತ್ತಿದರು. ಎಲ್ಲರೂ ನಗುತ್ತಾ ಹಿಂದೆಯೇ ಹತ್ತಿದರು. ನಾನೂ ಮೊದಲ ಮೆಟ್ಟಿಲಿಗೆ ಕಾಲಿಟ್ಟಿದ್ದೆ. ಅವರು ನನ್ನ ಮಣಿಕಟ್ಟು ಹಿಡಿದರು. ಬಳೆ ಒಡೆಯಿತು. "ನೀವಾದ್ರೂ ಹತ್ತಬೇಡಿ" ಅಂದರು. ಆ ಮುಖ ನೋಡಿ ನಾನು ಇಳಿದೆ.

ಅಷ್ಟರಲ್ಲಿ ಗುರುಬಸಪ್ಪನವರ ತಮ್ಮ ಬಂದು, "ಶುಭಕಾರ್ಯದಲ್ಲಿ ಅಪಶಕುನ ನುಡೀಬೇಡಿ. ಉಂಡ್ಕೊಂಡು ಹೋಗಿ" ಎಂದು ಭುಜ ಹಿಡಿದು ಅವರನ್ನು ಮೆಟ್ಟಿಲಿಂದ ಪಕ್ಕಕ್ಕೆ ಸರಿಸಿದ.

ಓಲಗದವರು ಗಟ್ಟಿಮೇಳಕ್ಕೆ ತಯಾರಾಗುತ್ತಿದ್ದರು. ಗೋವಿಂದಯ್ಯ ಅಟ್ಟದ ಕೆಳಗೆ ನೋಡಿದರು. ಅಲ್ಲಿ ಸಾಲು ಕುರ್ಚಿಗಳ ತುಂಬ ಮಕ್ಕಳು, ಮಕ್ಕಳ ಹಿಂದೆ ಅವರ ಅಜ್ಜಿ ತಾತಂದಿರು. ಸುಳ್ಳು ಆಡದ ಆ ಮನುಷ್ಯ ಗಂಟಲು ಹರಿಯುವ ಹಾಗೆ ಕೂಗಿದರು: "ಏಯ್ ಮಕ್ಕಳಾ, ಹೊರಗೆ ಐಸ್‌ಕ್ರೀಮ್ ಕೊಡ್ತಾವ್ರೆ! ಮೊದಲು ಬಂದೋರಿಗೆ ಎರಡು!" ಮಕ್ಕಳು ಹೋ ಎಂದು ಅಂಗಳಕ್ಕೆ ಓಡಿದರು. "ಲೋ, ಬೀಳ್ತೀಯಾ ಕಣೋ" ಎಂದು ಅಜ್ಜಿ ತಾತಂದಿರು ಹಿಂದೆ ಓಡಿದರು. ಮುದುಕರೊಬ್ಬರು ಮಾತ್ರ ಏಳಲಿಲ್ಲ. ಅವರನ್ನು ಕುರ್ಚಿಸಮೇತ ಎಳೆದುಕೊಂಡು ನಾವಿಬ್ಬರೂ ಬಾಗಿಲು ದಾಟಿದೆವು. ಆ ಹೊತ್ತಿಗೆ ಪುರೋಹಿತರು ಕೈ ಎತ್ತಿ "ಗಟ್ಟಿಮೇಳ! ಗಟ್ಟಿಮೇಳ!" ಅಂದರು.

ಮೇಲಿದ್ದವರೆಲ್ಲ ಒಟ್ಟಿಗೆ ಎದ್ದರು, ಒಟ್ಟಿಗೆ ಕಟಕಟೆಗೆ ಬಂದರು. ಧಡಾರ್ ಎಂದು ಬಿತ್ತು ಎಂದು ಆಮೇಲೆ ಎಲ್ಲರೂ ಹೇಳಿದರು. ನನಗೆ ಕೇಳಿಸಿದ್ದು ಹಾಗಲ್ಲ. ಹಸಿ ತೆಂಗಿನ ಗರಿಯನ್ನು ಯಾರೋ ನಿಧಾನವಾಗಿ ಸೀಳಿದ ಹಾಗೆ, ಓಲಗದ ಒಳಗಿಂದ, ಉದ್ದಕ್ಕೆ. ಅಟ್ಟದ ಮುಂದಿನ ಅಂಚು ಮೊದಲು ಬಾಗಿತು. ಹೆಂಗಸರು ಮುಷ್ಟಿಯಲ್ಲಿ ಅಕ್ಷತೆ ಹಿಡಿದುಕೊಂಡೇ ಜಾರುತ್ತಾ ಬಂದರು. ಆಮೇಲೆ ಹಳೇ ಕೊಬ್ಬರಿಯ ಕಮಟು ವಾಸನೆಯ ದೂಳು. ಏನೂ ಕಾಣಲಿಲ್ಲ. ಓಲಗದವನೊಬ್ಬ ಕಣ್ಣು ಮುಚ್ಚಿಕೊಂಡು ಇನ್ನೂ ಊದುತ್ತಲೇ ಇದ್ದ.

ನಮ್ಮ ಪಕ್ಕದ ಮನೆಯ ಪಾರ್ವತಮ್ಮ ಹಾಸನದ ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡರು. ಚಿಕ್ಕಮ್ಮನ ಸೊಂಟ ಮುರಿಯಿತು. ಆಮೇಲೆ ಅವರು ಯಾರ ಸಹಾಯವೂ ಇಲ್ಲದೆ ಏಳಲಿಲ್ಲ. ಅಟ್ಟದ ಕೆಳಗೆ ಕುರ್ಚಿಗಳು ಹಪ್ಪಳವಾಗಿದ್ದವು. ಅವುಗಳ ಮೇಲೆ ಒಂದು ಮಗುವೂ ಇರಲಿಲ್ಲ. ಅಂಗಳದಲ್ಲಿ ಮಕ್ಕಳು ಐಸ್‌ಕ್ರೀಮ್ ಎಲ್ಲಿ ಎಂದು ಅಳುತ್ತಿದ್ದವು.

ಈಗಲೂ ಎಲ್ಲಾದರೂ ಗಟ್ಟಿಮೇಳ ಎಂದ ಕೂಡಲೇ ನನ್ನ ಕೈ ಪಕ್ಕದಲ್ಲಿದ್ದವರನ್ನು ಹಿಡಿದುಕೊಳ್ಳುತ್ತದೆ. ಎಲ್ಲರೂ ಮುಂದೆ ಹೋದಾಗ ನಾನು ಹಿಂದೆ ಸರಿಯುತ್ತೇನೆ. ಪಾಠ ಮಾಡುತ್ತಿರುವಾಗ ಮಕ್ಕಳೆಲ್ಲ ಒಟ್ಟಿಗೆ ಎದ್ದು ನಿಂತರೂ ಸಾಕು, ಆ ಸೀಳುವ ಸದ್ದು ಮತ್ತೆ ಶುರುವಾಗುತ್ತದೆ.

ಮಾರನೆಯ ಬೆಳಿಗ್ಗೆ ಗೋವಿಂದಯ್ಯ ಮತ್ತೆ ಬಂದರು. ಹಿತ್ತಲಿನಲ್ಲಿ ಬಿದ್ದಿದ್ದ ಜಾಕಿಗಳನ್ನು ಹೊತ್ತುತಂದು, ಬೀಳದೆ ಉಳಿದ ಅರ್ಧ ಅಟ್ಟಕ್ಕೆ ಆಸರೆ ಕೊಡತೊಡಗಿದರು. ಕೆಳಗೆ ಕೂಲಿಯವರು ಮರ ಎತ್ತುತ್ತಿದ್ದರು. ಗುರುಬಸಪ್ಪನವರ ತಮ್ಮ, "ಇನ್ನೂ ಏನ್ಲಾ ಬೀಳಿಸಬೇಕು ಇಲ್ಲಿ?" ಎಂದು ಏಕವಚನದಲ್ಲಿ ಕೂಗಿದ. ಇವರು ತಿರುಗಿ ನೋಡದೆ ಜಾಕಿಯ ತಿರುಪು ಬಿಗಿಮಾಡಿ ಹೋದರು.

ಬೀಳುತ್ತದೆ ಎಂದವನೇ ಬೀಳಿಸಿದವನಾಗಲು ಊರಿಗೆ ಒಂದು ವಾರವೂ ಬೇಕಾಗಲಿಲ್ಲ. ಹಾಸಿಗೆಯ ಮೇಲಿಂದ ಚಿಕ್ಕಮ್ಮ ಹೇಳಿದರು: "ಅವರ ಬಾಯಿ ಕಣೇ. ಶುಭ ಹೊತ್ತಿನಲ್ಲಿ ಬೀಳುತ್ತೆ ಬೀಳುತ್ತೆ ಅಂದ್ರೆ ಅಸ್ತು ದೇವತೆಗಳು ಸುಮ್ಮನಿರ್ತಾರಾ? ಅಸ್ತು ಅಂದ್ಬಿಟ್ರು." ದೇವತೆಗಳನ್ನು ನಂಬದವರು ಬೆರಳನ್ನು ನಂಬಿದರು. ಬಡಿದು ಬಡಿದು ಕಂಬ ಸಡಿಲ ಮಾಡಿದ್ದೇ ಅವನು, ತೊಲೆಗೆ ಕಬ್ಬಿಣ ಚುಚ್ಚಿದ್ದನ್ನು ನಾವೇ ನೋಡಿದ್ದೇವೆ ಎಂದರು. ಪೊಲೀಸರಿಗೆ ಇನ್ನೂ ಒಳ್ಳೆಯ ಎಳೆ ಸಿಕ್ಕಿತು. ಬೀಳುವುದು ಇವನಿಗೆ ಮೊದಲೇ ಗೊತ್ತಿಲ್ಲದಿದ್ದರೆ ಐಸ್‌ಕ್ರೀಮ್ ಎಂದು ಸುಳ್ಳು ಹೇಳಿ ಮಕ್ಕಳನ್ನು ಯಾಕೆ ಹೊರಗೆ ಕಳಿಸಿದ?

ನಾನು ಸ್ಟೇಷನ್ನಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಜಾಕಿ, ಕಾಯಿ, ಮೆಟ್ಟಿಲು, ಒಡೆದ ಬಳೆ, ಎಲ್ಲವನ್ನೂ. ಇನ್‌ಸ್ಪೆಕ್ಟರು ಕೇಳಿಸಿಕೊಂಡು, "ನಿಮ್ಮದು ಯಾವ ಸಬ್ಜೆಕ್ಟು ಮೇಡಂ?" ಅಂದರು. ಇತಿಹಾಸ ಎಂದೆ. "ಹಂಗಾದ್ರೆ ಹಳೇದು ಬಿಡಿ. ನಿಮ್ಮ ತಂಗಿ ಅದೇ ಮನೇಲಿ ಬಾಳಬೇಕು" ಅಂದರು. ಯಾರ ಮೇಲೂ ಏನೂ ಸಾಬೀತಾಗಲಿಲ್ಲ. ಗುರುಬಸಪ್ಪನವರ ಮಂಟಪಕ್ಕೆ ಕಾಂಕ್ರೀಟಿನ ಬಾಲ್ಕನಿ ಬಂತು. ಗೋವಿಂದಯ್ಯನವರ ರೂಮಿಗೆ ಜನ ಬರುವುದು ನಿಂತಿತು. ಕೊನೆಗೆ ಅವರು ರೂಮು ಬಿಟ್ಟು ಮತ್ತೆ ಕಡಲ ಕಡೆಗೇ ಕೆಲಸಕ್ಕೆ ಹೋದರು. ಅಲ್ಲೇ ಕಾಯಿಲೆಯಾಗಿ ತೀರಿಕೊಂಡರಂತೆ. ಸುದ್ದಿ ನನಗೆ ತಡವಾಗಿ, ಬಸ್ಸಿನಲ್ಲಿ ಸಿಕ್ಕ ಯಾರಿಂದಲೋ ತಿಳಿಯಿತು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಅವರು ಊರು ಬಿಡುವ ಮುಂಚೆ, ಗುರುಬಸಪ್ಪನವರ ಮನೆಯಲ್ಲಿ ಉಮಾಳ ಮಗುವಿನ ನಾಮಕರಣದ ದಿನ. ಕರೆಯಬೇಕೆಂದು ಹಟ ಹಿಡಿದವಳು ಉಮಾ. ಗುರುಬಸಪ್ಪನವರು ಬೇಡ ಅನ್ನಲಿಲ್ಲ. "ಕರೀರಮ್ಮ. ಬಂದ್ರೆ ಬರ್ಲಿ" ಅಂದರು.

ಅವರು ಬಂದರು. ಆದರೆ ಗೇಟಿನ ಹೊರಗೇ ನಿಂತು ನನಗೆ ಹೇಳಿಕಳಿಸಿದರು. ಹೋದೆ. ಮಗುವಿಗೆ ಎಂದು ಒಂದು ಪೊಟ್ಟಣ ಕೈಗಿಟ್ಟರು.

"ಒಳಗೆ ಬನ್ನಿ ಸಾರ್. ಉಮಾ ಕಾಯ್ತಿದಾಳೆ."

"ಬೇಡ ಮೇಡಂ. ನನ್ನ ಕಂಡ್ರೆ ಉಣ್ಣೋರು ತುತ್ತು ಬಿಟ್ಟು ಸೂರು ನೋಡ್ತಾರೆ. ಮೊನ್ನೆ ಗಂಡಸಿ ಊರಿನ ಒಂದು ಮದುವೇಲಿ ನನ್ನ ಪಂಕ್ತಿ ಪೂರ್ತಿ ಎದ್ದೋಯ್ತು. ಮಗುಗೆ ಹೆಸರಿಡೋ ಹೊತ್ತು ಯಾಕೆ?"

ನನಗೆ ತೋಚಿದ್ದು ಇಷ್ಟು. "ಹಾಗಾದ್ರೆ ಇಲ್ಲೇ ಜಗಲಿ ಮೇಲೆ ಎಲೆ ಹಾಕಿಸ್ತೀನಿ. ಉಪವಾಸ ಹೋಗಬೇಡಿ."

ಅವರು ಸಿಡುಕಿಲ್ಲದ ದನಿಯಲ್ಲಿ ಹೇಳಿದರು: "ನಮ್ಮಪ್ಪ ಇದೇ ಬೀದೀಲಿ ಕಾಯಿ ಸುಲೀತಿದ್ದ. ಕೆಲಸ ಮುಗಿದ ಮೇಲೆ ಈ ಮನೆಗಳ ಹೊರಗೆ ಕೂತು ಉಣ್ಣೋನು. ನಾನು ಹಂಗೆ ಕೂತು ಉಣ್ಣಬಾರದು ಅಂತಲೇ ನನ್ನ ಓದಿಸಿದ್ದು. ಎಲೆ ಹೊರಗೆ ತರಬೇಡಿ ತಾಯಿ."

ಬತ್ತೀನಿ ಎಂದು ಕೈಮುಗಿದು ಬಸ್ ಸ್ಟ್ಯಾಂಡಿನ ಕಡೆ ನಡೆದರು. ನಾನು ಪೊಟ್ಟಣ ಹಿಡಿದು ಒಳಗೆ ಬಂದೆ. ಪಂಕ್ತಿಯ ಮಧ್ಯೆ ಬಡಿಸುವವರನ್ನು ನೋಡಿಕೊಳ್ಳುತ್ತಿದ್ದ ಗುರುಬಸಪ್ಪನವರು ಕೇಳಿದರು.

"ಬಂದಿದ್ರಾ ಇಂಜಿನಿಯರು? ಉಂಡ್ರಾ?"

"ಇಲ್ಲ."

"ನೋಡಮ್ಮ, ಕರೆದ್ರೂ ಉಣ್ಣಲಿಲ್ಲ. ಎಷ್ಟು ಗರ್ವ" ಎಂದು ಹೇಳಿ, ಅವರು ಪಾಯಸದವನನ್ನು ಕೂಗಿದರು.