ಮಾಡಿ ತೋರಸ್ರಿ, ಸರ್ರ

ನಿನ್ನೆ ಸೊಲ್ಲಾಪುರದ ಹತ್ತಿರ, ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಭಾಷಣ ಮಾಡಿ ಬಂದೆ. ಅವರು ಹೊದಿಸಿದ ಶಾಲನ್ನು ಇವತ್ತು ಬೆಳಿಗ್ಗೆ ಕಪಾಟಿನಲ್ಲಿಡಲು ಹೋದ ಹೆಂಡತಿ, ಬಾಗಿಲು ಮುಚ್ಚಲಾಗದೆ ನನ್ನನ್ನು ಕರೆದಳು. ಒಳಗೆ ಬರೀ ಶಾಲು, ನುಸಿಗುಳಿಗೆಯ ವಾಸನೆ.

“ಇಷ್ಟು ಮಂದಿಗಿ ಬುದ್ಧಿ ಹೇಳೀರಿ. ಯಾರರ ಕೇಳ್ಯಾರೇನ್ರಿ?” ಎಂದಳು. ಅದರಲ್ಲಿ ಚೇಷ್ಟೆಯೇನಿರಲಿಲ್ಲ, ಜಾಗ ಸಾಲದ ಬೇಸರ ಅಷ್ಟೇ.

“ಒಬ್ಬಾಕಿ ಕೇಳಿದ್ಳು,” ಎಂದೆ. ನಿನ್ನೆ ಎರಡು ತಾಸು ಕೂಗಿ ದನಿ ಬಿದ್ದುಹೋಗಿತ್ತು.

ನನ್ನ ಕಸುಬು ಏನೆಂದು ಹೇಳಿಕೊಳ್ಳಲು ನನಗೆ ಈಗೀಗ ನಾಚಿಕೆ. ನಮ್ಮದು ಸೊಲ್ಲಾಪುರದ ಚಾದರ ವ್ಯಾಪಾರದ ಮನೆತನ. ಅಜ್ಜ ಮಾರಿದ, ಅಪ್ಪ ಮಾರಿದ, ಅಣ್ಣ ಇವತ್ತಿಗೂ ಮಾರುತ್ತಾನೆ. ನನ್ನನ್ನು ಮಾತ್ರ ಅಪ್ಪ ಒಂದು ವಾರ ಅಂಗಡಿಯ ಗಾದಿಯ ಮೇಲೆ ಕೂಡಿಸಿ ನೋಡಿ, “ನೀ ಓದಕೋತ ಇರು” ಎಂದು ಎಬ್ಬಿಸಿದ್ದರು. ಹಾಗೇ ಓದಿದೆ. ಉದ್ಯೋಗ ಬೆಳೆಸುವುದು ಹೇಗೆ, ಮನಸ್ಸು ಗಟ್ಟಿ ಮಾಡುವುದು ಹೇಗೆ, ಬೆಳಿಗ್ಗೆ ಎಷ್ಟಕ್ಕೆ ಏಳಬೇಕು, ಎಲ್ಲ ಓದಿದೆ. ಓದಿದ್ದು ಹೊಟ್ಟೆಯಲ್ಲಿ ನಿಲ್ಲದೆ ಊರೂರಿಗೆ ಹೋಗಿ ಹೇಳತೊಡಗಿದೆ. ಎಂಟಕ್ಕೆ ಮೊದಲು ನಾನು ಎದ್ದದ್ದಿಲ್ಲ ಎಂಬುದು ಹೆಂಡತಿಗೆ ಮಾತ್ರ ಗೊತ್ತು, ಈಗ ನಿಮಗೂ.

ಕೆಲವು ವರ್ಷಗಳ ಹಿಂದೆ ಅಕ್ಕಲಕೋಟದಲ್ಲಿ ಹೆಣ್ಣುಮಕ್ಕಳ ಬಚತ್ ಗಟಗಳಿಗೆ, ಅಂದರೆ ಉಳಿತಾಯದ ಗುಂಪುಗಳಿಗೆ, ನನ್ನ ಭಾಷಣವಿತ್ತು. ಅರ್ಧ ಮರಾಠಿ, ಅರ್ಧ ಕನ್ನಡ. “ತಿಳಕೊಂಡದ್ದನ್ನ ಗಂಟು ಕಟ್ಟಿ ಇಡಬ್ಯಾಡ್ರಿ, ನಾಳಿ ಮುಂಜಾನೇನ ಮೊದಲನೇ ಹೆಜ್ಜಿ ಇಡ್ರಿ” ಎಂದು ಎಂದಿನಂತೆ ಮುಗಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ತಟ್ಟಿದವರು ಮನೆಗೆ ಹೋಗಿ ಮರೆಯುತ್ತಾರೆ, ನಾನೂ ಮರೆಯುತ್ತೇನೆ. ನಮ್ಮ ನಡುವೆ ಇದ್ದ ಒಪ್ಪಂದವೇ ಅದು.

ಮರುದಿನ ಮುಂಜಾನೆ ಬಾಗಿಲು ಬಡಿದ ಸದ್ದಾಯಿತು. ಸ್ಟೀಲಿನ ಡಬ್ಬಿ ಹಿಡಿದ ನಲವತ್ತೈದರ ಹೆಂಗಸು, ಹೆಸರು ಮಹಾನಂದಾ. ಅಕ್ಕಲಕೋಟದ ಹತ್ತಿರದ ಹಳ್ಳಿಯ ಹೊಲಮನೆಯವರು. ವಿಳಾಸ ಕೇಳಿಕೊಂಡು, ಮೊದಲ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಬಂದಿದ್ದರು.

“ಸರ್ರ, ಮೊದಲನೇ ಹೆಜ್ಜಿ ಇಟ್ಟು ಬಂದೀನ್ರಿ. ಶೇಂಗಾ ಚಟ್ನಿ ಕುಟ್ಟೀನಿ. ಎರಡನೇದು ಯಾವುದು?”

ನನ್ನ ಭಾಷಣದಲ್ಲಿ ಎರಡನೆಯದು ಇರಲಿಲ್ಲ. ಚಹಾ ಕುಡಿಸಿ, ‘ಗಿರಾಕಿಯ ಮನಸ್ಸು ಅರಿಯಬೇಕು’ ಎಂದೇನೋ ಹೇಳಿ ಕಳಿಸಿದೆ. ಮುಂದಿನ ವಾರ ಮತ್ತೆ ಬಂದರು. ಗಿರಾಕಿಯ ಮನಸ್ಸು ಎಲ್ಲಿಂದ ಅರಿಯುವುದು ಎಂದು ಕೇಳಿದರು. ಮೂರನೆಯ ಸಲ ಬಂದಾಗ ನಾನು ಸ್ನಾನಕ್ಕೆ ಹೋಗಿದ್ದೇನೆಂದು ಹೆಂಡತಿಯಿಂದ ಹೇಳಿಸಿದೆ. ಆಕೆ ಕಟ್ಟೆಯ ಮೇಲೆ ಒಂದು ತಾಸು ಕೂತರು. ಅಷ್ಟು ಹೊತ್ತು ಯಾರೂ ಸ್ನಾನ ಮಾಡುವುದಿಲ್ಲ.

ಕಡೆಗೆ ನಾನು ಹೊರಗೆ ಬಂದಾಗ ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. “ನಮ್ಮ ಮನ್ಯಾಗ ಹೆಣ್ಮಕ್ಕಳು ಪ್ಯಾಟ್ಯಾಗ ನಿಂತು ಮಾರಿದ್ದಿಲ್ರಿ. ಅತ್ತಿ ಹದಿನೈದು ದಿನ ಆತು ನನ್ನ ಜೋಡಿ ಮಾತಾಡವಲ್ರು. ಸರ್ ಹೇಳ್ಯಾರ, ದೊಡ್ಡವರು ಹೇಳ್ಯಾರ ಅಂದು ಹೊಸ್ತಿಲಾ ದಾಟೀನಿ. ಒಂದ ದಿನ ಬರ್ರಿ, ಮಾಡಿ ತೋರಸ್ರಿ, ಸರ್ರ.”

ಹಿಂದೆಗೆಯಲು ದಾರಿಯಿರಲಿಲ್ಲ. ಗುರುವಾರ, ಸ್ವಾಮಿಗಳ ಗುಡಿಯಲ್ಲಿ ದರ್ಶನದ ಗದ್ದಲದ ದಿನ, ಅಕ್ಕಲಕೋಟಕ್ಕೆ ಹೋದೆ. ಗುಡಿಯ ಹಾದಿಯಲ್ಲಿ ಒಂದು ಮೇಜು, ಅದರ ಮೇಲೆ ಚಟ್ನಿಯ ಪುಡಿಕೆಗಳು. ಮಹಾನಂದಾ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹಿಂದೆ ನಿಂತರು. ಮಾರುವವನು ನಾನು.

ಮುನ್ನೂರು ಜನರ ಮುಂದೆ ಮೈಕು ಹಿಡಿದು ಕೂಗುವವನಿಗೆ, ಹಾದಿಹೋಕನೊಬ್ಬನಿಗೆ ‘ಚಟ್ನಿ ತಗೋರಿ’ ಎನ್ನಲು ಬಾಯಿ ಬರಲಿಲ್ಲ. ಬಿಸಿಲು ಏರಿತು. ಕಡೆಗೆ ಒಬ್ಬ ಹೆಣ್ಣುಮಗಳು ತಾನಾಗಿಯೇ ನಿಂತು, “ಕಶೀ ದಿಲೀ?” ಎಂದು ದರ ಕೇಳಿದಳು. ದರ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಮನೆಯ ಉದ್ಯೋಗದ ಮಹತ್ವ ವಿವರಿಸತೊಡಗಿದೆ. ಆಕೆ ಸ್ವಲ್ಪ ಹೊತ್ತು ಮರ್ಯಾದೆಗೆ ಕೇಳಿ ಹೊರಟುಹೋದಳು.

“ಸರ್ರ,” ಮಹಾನಂದಾ ಮೆಲ್ಲಗೆ ಕೇಳಿದರು, “ನೀವು ಒಮ್ಮಿನೂ ಏನೂ ಮಾರಿಲ್ಲ, ಹೌದಲ್ರಿ?”

“ಇಲ್ರಿ ಅಕ್ಕಾರ.”

ಆಕೆ ತಮ್ಮ ಬುತ್ತಿಯ ಗಂಟು ಬಿಚ್ಚತೊಡಗಿದರು. “ಮೊದಲ ಹೇಳಬೇಕಿತ್ತು. ಇಬ್ರೂ ಕೂಡಿ ಕಲೀತಿದ್ವಿ.”

ಬಯ್ದಿದ್ದರೆ ಹಗುರಾಗುತ್ತಿತ್ತು. ಆಕೆ ಮುಂದೆ ಬಂದು, ಕಡಕ್ ರೊಟ್ಟಿ ಮುರಿದು, ತುಂಡಿನ ಮೇಲೆ ಚಿಟಿಕೆ ಚಟ್ನಿ ಇಟ್ಟು ಹಾದಿಹೋಕರ ಕಡೆ ಕೈ ಚಾಚಿದರು. ಮಾತೇನೂ ಇಲ್ಲ, “ತಿಂದು ನೋಡ್ರಿ” ಅಷ್ಟೇ. ತಿಂದವರಲ್ಲಿ ಕೆಲವರು ನಿಂತರು, ಕೆಲವರು ಕೊಂಡರು. ನಾನು ಪುಡಿಕೆ ಎತ್ತಿ ಕೊಡುವ ಕೆಲಸ ಹಿಡಿದೆ. ಅದು ನನ್ನಿಂದ ಆಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಆಕೆಯ ಕೈ ನಡುವೆಯೇ ನಿಂತುಬಿಟ್ಟಿತು. ಎದುರಿಗೆ ಬಿಳಿ ರುಮಾಲಿನ ಹಿರಿಯರೊಬ್ಬರು ನಿಂತಿದ್ದರು. “ನಮ್ಮ ಅತ್ತಿಯ ಅಣ್ಣಾರು,” ಎಂದು ಮಹಾನಂದಾ ನನಗಷ್ಟೇ ಕೇಳುವಂತೆ ಹೇಳಿದರು. ಹಿರಿಯರು ಮೇಜು ನೋಡಿದರು, ಪುಡಿಕೆ ನೋಡಿದರು, ನನ್ನನ್ನೂ ನೋಡಿದರು. ಮೇಜಿನ ಹಿಂದೆ ಸರಿದು ನಿಲ್ಲಬೇಕೆನಿಸಿತು ನನಗೆ, ಸರಿದೆ ಕೂಡ. ಆಕೆ ಸರಿಯಲಿಲ್ಲ. ರೊಟ್ಟಿಯ ತುಂಡು ಚಾಚಿ, “ಮಾಮಾರ, ತಿಂದು ನೋಡ್ರಿ” ಎಂದರು.

ಹಿರಿಯರು ತಿಂದರು. ಬಹಳ ಹೊತ್ತು ಅಗಿದರು. “ಉಪ್ಪು ಕಮ್ಮಿ ಆಗೇದ” ಎಂದು ನಡೆದುಬಿಟ್ಟರು.

ಅದನ್ನೇ ಅವರು ತಂಗಿಯ ಮುಂದೆಯೂ ಹೇಳಿದರಂತೆ. ಅಷ್ಟು ದಿನ ಬಾಯಿ ಬಿಡದ ಅತ್ತೆ ಮಾರನೆಯ ದಿನ ಅಡುಗೆಮನೆಗೆ ಬಂದು, ಸೊಸೆಯ ಕೈಯಿಂದ ಒನಕೆ ಇಸಿದುಕೊಂಡು, “ನಮ್ಮ ಮನಿ ಚಟ್ನಿಗಿ ಉಪ್ಪು ಕಮ್ಮಿ ಅಂದ್ರ ಊರ ಮಂದಿ ಏನಂದಾರು” ಎಂದು ತಾವೇ ಉಪ್ಪು ಹಾಕಿದರಂತೆ. ಮಹಾನಂದಾ ಇದನ್ನು ಫೋನಿನಲ್ಲಿ ಹೇಳುವಾಗ ನಕ್ಕರೋ ಅತ್ತರೋ ತಿಳಿಯಲಿಲ್ಲ. ಒಂದು ಮಳೆಗಾಲದಲ್ಲಿ ಮಾಲೆಲ್ಲ ಮುಗ್ಗಲು ಹಿಡಿದು ಎಸೆದದ್ದೂ ಉಂಟು. ಈಗ ಆಕೆಗೆ ಗುಡಿಯ ಹಾದಿಯಲ್ಲಿ ಸಣ್ಣ ಅಂಗಡಿಯಿದೆ, ನಾಲ್ಕು ಹೆಣ್ಣುಮಕ್ಕಳು ಕುಟ್ಟಲು ಬರುತ್ತಾರೆ. ಆಕೆ ಮತ್ತೆ ನನ್ನ ಭಾಷಣಕ್ಕೆ ಬಂದದ್ದಿಲ್ಲ.

ನಾನು ಭಾಷಣ ಬಿಟ್ಟೆನೆ? ಇಲ್ಲ, ಹೊಟ್ಟೆ ಇದೆಯಲ್ಲ. ಅದೇ ಮಾತು, ಅದೇ ಚಪ್ಪಾಳೆ. ಹೇಳಿ ಹೇಳಿ ಸುಸ್ತಾಗಿದ್ದೇನೆ. ಮಾತು ಮುಗಿದ ಮೇಲೆ ಯಾರೂ ಹತ್ತಿರ ಬರದಿದ್ದರೆ ಸಾಕು ಎಂದುಕೊಳ್ಳುತ್ತ ಮೆಟ್ಟಿಲು ಇಳಿಯುವುದೇ ರೂಢಿಯಾಗಿತ್ತು.

ನಿನ್ನೆ ಮಾತ್ರ ಗೇಟಿನ ಬಳಿ ಒಬ್ಬರು ತಡೆದರು. ಐವತ್ತರ ಫಿಟ್ಟರ್, ಎಣ್ಣೆಗಪ್ಪಿನ ಕೈ. ಹತ್ತಿರದ ಕಂದಲಗಾಂವದಲ್ಲಿ ನೀರಿನ ಮೋಟರು ರಿಪೇರಿಯ ಅಂಗಡಿ ತೆರೆಯುವ ಆಸೆ, ಹತ್ತು ವರ್ಷದಿಂದ ಬರೀ ವಿಚಾರ. “ಮೊದಲ ಏನ್ ಮಾಡ್ಲಿ, ಸಾಹೇಬ್ರ?”

ನನ್ನ ಭಾಷಣದ ಐದು ಸೂತ್ರಗಳು ನಾಲಿಗೆಯ ತುದಿಗೆ ಬಂದಿದ್ದವು. ನುಂಗಿಕೊಂಡೆ. “ನನಗ ಗೊತ್ತಿಲ್ರಿ,” ಎಂದೆ. “ನಾಳಿ ನಿಮಗ ಸುಟ್ಟಿ ಐತೇನು? ಕೂಡೇ ಹೋಗಿ ಜಾಗಾ ನೋಡೂಣು.”

ಕಪಾಟಿನ ಬಾಗಿಲನ್ನು ಹೆಂಡತಿ ಹೇಗೋ ಒತ್ತಿ ಮುಚ್ಚಿದ್ದಾಳೆ. ಗಡಿಯಾರದಲ್ಲಿ ಇನ್ನೂ ಆರೂವರೆ. ಇಷ್ಟು ಬೇಗ ಎದ್ದವನನ್ನು ಆಕೆ ಅನುಮಾನದಿಂದ ನೋಡುತ್ತಿದ್ದಾಳೆ. ಮೈಯೆಲ್ಲ ನೋಯುತ್ತಿದೆ, ಮಾತಾಡಲು ದನಿಯಿಲ್ಲ. ಇವತ್ತಿನ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಫಿಟ್ಟರ್ ಏಳಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆಂದಿದ್ದಾರೆ. ಚಪ್ಪಲಿ ಮೆಟ್ಟಿ ಹೊರಟಿದ್ದೇನೆ.