ಬೇಲಿಯಲ್ಲಿ ಇಲ್ಲದ ದಣಪೆ

ಕಾಡು ಕಾಯುವ ದೇವತೆ ಚೌಡಿ, ಅವಳ ನಡೆ, ಸಂಚಾರ ಎಂದರೆ ನಗುತ್ತಿದ್ದ ಮನುಷ್ಯ ನಾನು. ಈಗಲೂ ಪೂರ್ತಿ ನಂಬಿಕೆ ಬಂದಿಲ್ಲ. ನಗು ಮಾತ್ರ ನಿಂತಿದೆ. ಸಿಟ್ಟು ಹಾಗೇ ಇದೆ, ಅದನ್ನೇನೂ ಮುಚ್ಚಿಡುವುದಿಲ್ಲ.

ನಿಟ್ಟೂರಿನ ಹತ್ತಿರ ನಮ್ಮೂರಿನ ಎರಡು ಕಾನುಗಳ, ಅಂದರೆ ದಟ್ಟ ಕಾಡುಗಳ, ನಡುವೆ ಇರುವುದೆಲ್ಲ ಖಾಸಗಿ ಜಮೀನು. ಕಾಡುಪ್ರಾಣಿಗಳು ಮರೆಯಲ್ಲೇ ದಾಟಲಿ ಎಂದು ಕೆಲವು ವರ್ಷಗಳ ಹಿಂದೆ ನಾವೊಂದಿಷ್ಟು ಜನ ಅಕೇಶಿಯಾ ಕಡಿಸಿ ನಂದಿ, ಹೆಬ್ಬಲಸು, ನೇರಳೆ ನೆಟ್ಟೆವು. ಗಿಡಗಳು ಆಳೆತ್ತರ ಆಗುವಷ್ಟರಲ್ಲಿ ನಡುವಿನ ಜಮೀನಿನ ನಾಗಪ್ಪ, ಗಳ ಸರಿಸಿ ಓಡಾಡುವ ಹಳೆಯ ದಣಪೆಯನ್ನು ಕಿತ್ತು ಒಲೆಗೆ ಹಾಕಿದ. ಉದ್ದಕ್ಕೂ ಕಬ್ಬಿಣದ ಬಲೆ ಬಿಗಿದ. ಒಂದು ಕಿಂಡಿಯಾದರೂ ಬಿಡು ಎಂದು ಅಂಗಲಾಚಿದೆ.

"ನನ್ನ ಜಾಗ, ನನ್ನ ಬೇಲಿ. ನಿಂಗೆಂತ ಮಾರಾಯ?" ಅಂದ.

ಒಂದು ಸಂಜೆ ಗಿಡಗಳ ಬುಡ ಬಿಡಿಸುತ್ತಿದ್ದೆ. ಮರಿಯ ಜೊತೆಗಿದ್ದ ಕಡವೆಯೊಂದನ್ನು ನಾಯಿಗಳು ಅಟ್ಟಿಸಿಕೊಂಡು ಬಂದವು. ಅದು ಬೇಲಿಗೆ ಬಡಿದು, ಬಿದ್ದು, ಎದ್ದು ಮತ್ತೆ ಬಡಿಯಿತು. ಕತ್ತಿ ಹಿಡಿದು ಕೂಗುತ್ತ ಓಡಿದೆ. ಆಗ ಕೇಳಿತು ನೋಡಿ, ದಣಪೆಯ ಗಳ ಸರಿಸುವ ಸದ್ದು! ಒಂದು, ಅದರ ಹಿಂದೆ ಇನ್ನೊಂದು. ಹುಟ್ಟಿದಾಗಿನಿಂದ ಕೇಳಿದ ಸದ್ದು, ತಪ್ಪುವ ಮಾತೇ ಇಲ್ಲ. ತಾಯಿ, ಮರಿ ಎರಡೂ ಆಚೆ ಹೋದವು. ನಾಯಿಗಳು ಬಾಲ ಮುದುರಿ ನಿಂತವು. ಹೋಗಿ ಬಲೆಯನ್ನು ಮುಟ್ಟಿ ಮುಟ್ಟಿ ನೋಡಿದೆ. ಒಂದು ತಂತಿಯೂ ಸಡಿಲವಾಗಿರಲಿಲ್ಲ. ಗೊರಸಿನ ಗುರುತು ಈಚೆಗೂ ಇತ್ತು, ಆಚೆಗೂ ಇತ್ತು.

ನಾಗಪ್ಪನನ್ನು ಕರೆದು ತೋರಿಸಿದೆ. ಅವನು ಬೆವೆತುಹೋದ.

"ಅಯ್ಯಯ್ಯೋ, ಇದು ಚೌಡಿ ನಡೆ ಮಾರಾಯ! ಅವಳು ಓಡಾಡೋ ದಾರಿಗೇ ಬೇಲಿ ಹಾಕ್ದೆ, ತಪ್ಪಾತು."

ಬೇಲಿ ತೆಗೆಯುತ್ತಾನೆ ಎಂದು ಹಿಗ್ಗಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಅವನು ಬೇಲಿಯ ಬುಡದಲ್ಲೇ ಕಲ್ಲು ನೆಟ್ಟು, ಕುಂಕುಮ ಹಚ್ಚಿ, ಕಾಯಿ ಒಡೆದು, ಹುಂಜ ಕೊಯ್ದ. ಬೇಲಿಯ ಗತಿ ಏನೋ ಎಂದು ಕೇಳಿದೆ.

"ಅವಳೇ ದಾಟಿಸ್ತಾಳಲ್ಲ, ಬೇಲಿ ಎಂತಕ್ಕೆ ತೆಗೀಬೇಕು?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಯಿತು. ಈಗ ಊರಿನವರೂ ಅಲ್ಲಿಗೆ ಹಣ್ಣುಕಾಯಿ ತರುತ್ತಾರೆ. ಬಲೆ ಮಾತ್ರ ಬಿಗಿಯಾಗಿಯೇ ಇದೆ.

ಮೊನ್ನೆ ಬೆಳಿಗ್ಗೆ ಅದೇ ಜಾಗದಲ್ಲಿ ಗಬ್ಬದ ಕಡವೆಯೊಂದು ಸತ್ತು ಬಿದ್ದಿತ್ತು. ನಾಯಿಗಳು ಹೊಟ್ಟೆ ಬಗೆದಿದ್ದವು. ನನಗೆ ಮೈಯೆಲ್ಲ ಉರಿಯಿತು. ಅವತ್ತು ಗಳ ಸರಿಸಿದವರು ಯಾರು, ಈ ಸಲ ಯಾಕೆ ಬರಲಿಲ್ಲ, ಎಷ್ಟು ಯೋಚಿಸಿದರೂ ನನಗೆ ತಿಳಿಯುವುದಿಲ್ಲ. ನಾಗಪ್ಪನಿಗೆ ಮಾತ್ರ ತಿಳಿದಿದೆ.

"ಪೂಜೇಲಿ ಎಂತದೋ ಕಮ್ಮಿ ಆತು. ಈ ಸಲ ಕುರಿನೇ ಕೊಡ್ತೀನಿ" ಅಂದ.